ಎರಡು ಕರುಗಳ ಬರೆ

ಆ ಮನೆಯ ಅಡುಗೆಮನೆಗೂ ಕೊಟ್ಟಿಗೆಗೂ ನಡುವೆ ಇದ್ದದ್ದು ಒಂದೇ ಗೋಡೆ. ಕರು ಕೆಮ್ಮಿದರೆ ಒಲೆಯ ಮುಂದೆ ಕೂತ ಅತ್ತೆಗೆ ಕೇಳಿಸುತ್ತಿತ್ತು. ತೊಟ್ಟಿಲಿನ ಕೂಸು ಅತ್ತರೆ ಹಸು ಮೇವು ಬಿಟ್ಟು ಕಿವಿ ನಿಮಿರಿಸುತ್ತಿತ್ತು. ಅತ್ತೆ ಕೆಟ್ಟವಳಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಓದುವವರು ಅವಳನ್ನು ಬಯ್ದು ಸುಮ್ಮನಾಗಿಬಿಡಬಹುದು. ಚಳಿಗೆ ತನ್ನ ಹೊದಿಕೆಯನ್ನೇ ಕರುವಿಗೆ ಹೊದಿಸಿ ತಾನು ಮುದುಡಿ ಮಲಗುವ ಹೆಂಗಸು. ದನದ ಡಾಕ್ಟರು ಬಂದರೆ, ಅವರು ಕೇಳುವ ಮೊದಲೇ ಕೈ ತೊಳೆಯಲು ಬಿಸಿನೀರು ಬಾಗಿಲ ಬಳಿ ಇರುತ್ತಿತ್ತು.

ಆದರೆ ಯಾವ ಜೀವಕ್ಕೆ ಕೆಮ್ಮು ಬಂದರೂ ಆ ಮನೆಯಲ್ಲಿ ಮೊದಲು ಕುಡುಗೋಲು ಕಾಯುತ್ತಿತ್ತು. ಕಾದ ಅಲಗನ್ನು ಪಕ್ಕೆಗೆ ಒತ್ತಿ ಬರೆ ಹಾಕಿದರೆ ಒಳಗಿನ ಶೀತ ಹೊರಟುಹೋಗುತ್ತದೆಂಬುದು ತಲೆತಲಾಂತರದ ನಂಬಿಕೆ. ದನಕ್ಕೂ ಅದೇ, ಮಕ್ಕಳಿಗೂ ಅದೇ. ಅತ್ತೆಯ ಹೊಟ್ಟೆಯ ಮೇಲೂ ಎಳವೆಯ ಬರೆಯ ಗೆರೆಗಳಿದ್ದವು.

ಆ ಸಲ ಎರಡು ಕರುಗಳಿಗೂ, ಕೆಂಪಿಗೂ ಬಿಳಿಯ ಚುಕ್ಕಿಗೂ, ಒಟ್ಟಿಗೇ ಕೆಮ್ಮು ಹತ್ತಿತು. ಕೆಂಪಿಗೆ ಅತ್ತೆಯೇ ಬರೆ ಹಾಕಿದಳು. ಅದು ಕೂಗಿಕೊಂಡಿತು. ಅವಳು ಕಣ್ಣೊರೆಸಿಕೊಂಡು ಕುಡುಗೋಲನ್ನು ಸೊಸೆಗೆ ಕೊಟ್ಟಳು.

"ಇನ್ನೊಂದಕ್ಕೆ ನೀನು ಹಾಕಮ್ಮ. ನಾನಿನ್ನು ಎಷ್ಟು ದಿನ ಇರ್ತೀನಿ? ಮನೆ ವಿದ್ಯೆ ನೀನೂ ಕಲೀಬೇಕಲ್ಲ."

ಸೊಸೆ ಕೊಟ್ಟಿಗೆಯೊಳಗೆ ಹೋಗಿ ಬಾಗಿಲು ಎಳೆದುಕೊಂಡಳು. ಸ್ವಲ್ಪ ಹೊತ್ತಿಗೆ ಸುಟ್ಟ ವಾಸನೆ ಗೋಡೆಯಾಚೆಗೂ ಬಂತು. ಅತ್ತೆ ಕೂತಲ್ಲೇ ಕೈಮುಗಿದಳು.

ಅತ್ತೆಯ ಮಗ ಹೋಗಿ ಕರೆದದ್ದಕ್ಕೆ ಮರುದಿನ ಡಾಕ್ಟರು ಬಂದರು. ಔಷಧಿ ತಣ್ಣಗಿದ್ದರೆ ಕರುವಿಗೆ ನೋಯುತ್ತದೆಂದು ಸೀಸೆಯನ್ನು ಅಂಗೈಯಲ್ಲಿ ಬೆಚ್ಚಗೆ ಮಾಡಿಕೊಳ್ಳುವ ಮನುಷ್ಯ ಅವರು. ಕೆಂಪಿಯ ಪಕ್ಕೆ ನೋಡಿ ಸೀಸೆಯನ್ನು ಕೆಳಗಿಟ್ಟರು.

"ಕೆಮ್ಮಿರೋದು ಒಳಗೆ ಪುಪ್ಪುಸದಲ್ಲಿ. ಮೇಲೆ ಚರ್ಮ ಸುಟ್ರೆ ಅದು ಹೇಗಮ್ಮ ವಾಸಿಯಾಗುತ್ತೆ?"

"ನಿಮ್ಮ ಸೂಜಿನೂ ಚರ್ಮಕ್ಕೇ ತಾನೆ ಚುಚ್ಚೋದು?" ಎಂದಳು ಅತ್ತೆ.

ಡಾಕ್ಟರಿಗೆ ನಗು ಬಂತು. ಸೂಜಿಯಿಂದ ಔಷಧಿ ರಕ್ತಕ್ಕೆ ಸೇರಿ ಒಳಗೆ ಹೋಗುತ್ತದೆ ಎಂದು ಬಿಡಿಸಿ ಹೇಳಿದರು. ನಮ್ಮದೂ ಹಾಗೇ, ಕಾವು ಒಳಗೆ ಹೋಗುತ್ತದೆ ಎಂದು ಅವಳು ಅಷ್ಟೇ ಸಮಾಧಾನದಿಂದ ಹೇಳಿ ನೀರು ತರಲು ಹೋದಳು.

ಆಮೇಲೆ ಅವರು ಚುಕ್ಕಿಯ ಮೈ ಸವರಿದರು. ಬೆರಳಿಗೆ ಎಣ್ಣೆ ಕಲಸಿದ ಮಸಿ ಹತ್ತಿತು. ಮಸಿಯ ಕೆಳಗೆ ಕೂದಲು ಇದ್ದ ಹಾಗೇ ಇತ್ತು. ಮೂಲೆಯಲ್ಲಿ ಅರೆಸುಟ್ಟ ಹಳೆಯ ಚರ್ಮದ ಪಟ್ಟಿಯೊಂದು ಬಿದ್ದಿತ್ತು. ಅವರು ಸೊಸೆಯ ಕಡೆ ನೋಡಿದರು. ಅವಳು ತಲೆ ತಗ್ಗಿಸಿದಳು. ಡಾಕ್ಟರು ಬೆರಳನ್ನು ಪ್ಯಾಂಟಿಗೆ ಒರೆಸಿಕೊಂಡು ಎರಡಕ್ಕೂ ಸೂಜಿ ಹಾಕಿದರು.

ಎರಡು ಕರುಗಳ ಕೆಮ್ಮೂ ನಿಂತಿತು. ಹೆಸರು ಬಂದದ್ದು ಮಾತ್ರ ಬರೆಗೆ. ಸೊಸೆಯ ಕೈ ನನಗಿಂತ ಚೆನ್ನಾಗಿದೆ, ಅವಳು ಹಾಕಿದ ಬರೆ ಕೀವೂ ಕಟ್ಟಲಿಲ್ಲ ಎಂದು ಅತ್ತೆ ಬೀದಿಯಲ್ಲೆಲ್ಲ ಹೊಗಳಿದಳು. ಹೊಗಳಿಕೆ ಕೇಳಿದಾಗಲೆಲ್ಲ ಸೊಸೆಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಒಂದು ಮೂಕಪ್ರಾಣಿಯ ನೋವು ತಪ್ಪಿಸಲು ಹೋಗಿ ಬರೆಗೇ ಸಾಕ್ಷಿ ಹೇಳಿದಂತಾಗಿತ್ತು. ಹಾಲು ಕರೆಯಲು ಹೋದಾಗ ಮಸಿಯನ್ನು ಮತ್ತೆ ತಿದ್ದುತ್ತಿದ್ದಳು. ಮೋಡ ಕಟ್ಟಿದರೆ ಓಡಿಹೋಗಿ ಚುಕ್ಕಿಯನ್ನು ಒಳಗೆ ಕಟ್ಟುತ್ತಿದ್ದಳು. ಅತ್ತ ಕೆಂಪಿಯ ಗಾಯದಲ್ಲಿ ಹುಳ ಬಿದ್ದಿತು. ಡಾಕ್ಟರು ಮತ್ತೆ ಮತ್ತೆ ಬಂದು ತೊಳೆಯುವಾಗ ಅತ್ತೆ ಕರುವಿನ ತಲೆ ಹಿಡಿದುಕೊಂಡು ಮುಖ ಆಚೆ ತಿರುಗಿಸುತ್ತಿದ್ದಳು.

ಹೀಗಿರುವಾಗ ಕೂಸಿಗೆ ಕೆಮ್ಮು ಬಂತು.

ಮೊದಲ ದಿನ ಶೀತವೆಂದುಕೊಂಡರು. ಆಮೇಲೆ ಜ್ವರ ಏರಿತು. ಸೊಸೆ ಆಸ್ಪತ್ರೆ ಎಂದಳು; ಗಂಡ, ಅಮ್ಮನನ್ನು ಕೇಳೋಣ ಎಂದ. ಮರುದಿನ ಕೆಂಪಿಯ ಗಾಯ ತೊಳೆಯಲು ಬಂದ ಡಾಕ್ಟರಿಗೆ ಗೋಡೆಯಾಚೆಯಿಂದ ಕೂಸಿನ ಉಸಿರು ಕೇಳಿಸಿತು. ಒಳಗೆ ಬಂದು ನೋಡಿದರೆ ಒಂದೊಂದು ಉಸಿರಿಗೂ ಪಕ್ಕೆ ಒಳಕ್ಕೆ ಎಳೆದುಕೊಳ್ಳುತ್ತಿತ್ತು.

"ನಾನು ದನದ ಡಾಕ್ಟರು, ಇದಕ್ಕೆ ಔಷಧಿ ಕೊಡೋ ಹಾಗಿಲ್ಲ. ಆದ್ರೆ ಈಗ್ಲೇ ಆಸ್ಪತ್ರೆಗೆ ಹೊರಡಿ" ಎಂದು ಬೈಕಿನ ಕೀಲಿಯನ್ನು ಮಗನ ಮುಂದೆ ಹಿಡಿದರು.

ಮಗ ಕೀಲಿಯನ್ನೂ ನೋಡಿದ, ತಾಯಿಯನ್ನೂ ನೋಡಿದ. ಅತ್ತೆ ಒಲೆಯ ಮುಂದೆ ಕೂತಿದ್ದಳು. ಕುಡುಗೋಲಿನ ಅಲಗು ಆಗಲೇ ಕೆಂಪಗಾಗಿತ್ತು.

"ನಿನಗಿಂತ ಮೊದ್ಲು ಒಂದು ಹುಟ್ಟಿತ್ತಪ್ಪ. ಹೀಗೇ ಕೆಮ್ಮಿತು, ಬರೆ ಹಾಕಿದ್ರೂ ಉಳೀಲಿಲ್ಲ. ಬರೆ ಹಾಕೋಕೆ ತಡ ಮಾಡ್ಬಿಟ್ರಿ ಅಂದ್ರು ಎಲ್ರೂ. ಈ ಸಲ ನಾನು ತಡ ಮಾಡಲ್ಲ. ಚುಕ್ಕಿಗೆ ಹಾಕಿದ ಕೈ ಇದೆಯಲ್ಲ, ಅವಳೇ ಹಾಕ್ಲಿ."

ಸೊಸೆ ಎದ್ದಳು. ಕೂಸನ್ನು ಗಂಡನ ತೋಳಿಗೆ ಹಾಕಿ, ಚುಕ್ಕಿಯನ್ನು ಹಗ್ಗ ಹಿಡಿದು ಅಂಗಳಕ್ಕೆ ಎಳೆದು ತಂದಳು. ಸೆರಗಿನ ತುದಿಗೆ ಸೋಪು ಹಚ್ಚಿ, ಡಾಕ್ಟರಿಗೆಂದು ಇಟ್ಟಿದ್ದ ಬಿಸಿನೀರಿನಲ್ಲಿ ಅದ್ದಿ ಅದರ ಪಕ್ಕೆಯನ್ನು ತಿಕ್ಕಿದಳು. ಕಪ್ಪು ನೀರು ಇಳಿಯಿತು.

"ಬನ್ನಿ ಅತ್ತೆ, ಮುಟ್ಟಿ ನೋಡಿ. ನಾನು ಸುಟ್ಟಿದ್ದು ಹಳೇ ಚರ್ಮದ ಪಟ್ಟೀನ. ಇದಕ್ಕೆ ಬರೆ ಬಿದ್ದೇ ಇಲ್ಲ, ಆದ್ರೂ ಬದುಕಿದೆ. ನಿಮ್ಮ ಹತ್ರ ಸುಳ್ಳಾಡಿದ್ದು ತಪ್ಪು, ಬಯ್ಯಿರಿ. ನನ್ನ ಮಗೂಗೆ ಮಾತ್ರ ಹಾಕಿಸಲ್ಲ."

ಅತ್ತೆ ಬಂದು ಬೆರಳಾಡಿಸಿದಳು. ಬಿಳಿಯ ಒದ್ದೆ ಕೂದಲು. ಮತ್ತೊಮ್ಮೆ ಆಡಿಸಿದಳು. ಮಗ ಕೀಲಿ ತೆಗೆದುಕೊಂಡ. ಸೊಸೆ ಕೂಸನ್ನು ಎದೆಗವಚಿಕೊಂಡು ಬೈಕು ಹತ್ತುವಾಗ, ಅತ್ತೆ ತನ್ನ ಹೊದಿಕೆ ತಂದು ಇಬ್ಬರಿಗೂ ಸುತ್ತಿದಳು. "ಗಾಳಿ ಇದೆ" ಎಂದಳು, ಅಷ್ಟೇ.

ಕೂಸು ಉಳಿದು ಮನೆಗೆ ಬಂತು. ಆದರೆ ನಮ್ಮ ಹೆಣ್ಣುಮಕ್ಕಳಿಗೆ ನಾನು ಹೇಳಬೇಕಾದದ್ದು, ಬೈಕು ಹೊರಟ ಮೇಲಿನ ಮಾತು.

ಅತ್ತೆ ಕುಡುಗೋಲನ್ನು ಒಲೆಯಿಂದ ಎಳೆದು ಬಚ್ಚಲಿಗೆ ಎಸೆದಳು. ಅದು ಚುಯ್ ಎಂದು ತಣ್ಣಗಾಗುವವರೆಗೂ ನಿಂತಿದ್ದು ಕೇಳಿದಳು:

"ಹಾಗಾದ್ರೆ ಡಾಕ್ಟ್ರೇ, ನನ್ನ ಮೊದಲ್ನೇದು?"

ಡಾಕ್ಟರು ಹತ್ತಿ ತೆಗೆದುಕೊಂಡು ಕೆಂಪಿಯ ಪಕ್ಕ ಕುಕ್ಕರುಗಾಲಲ್ಲಿ ಕೂತರು. ಅವಳೂ ಬಂದು ಕರುವಿನ ತಲೆಯನ್ನು ಮಡಿಲಿಗೆ ಎಳೆದುಕೊಂಡಳು. ಅವರು ತೊಳೆದು ಮುಗಿಸುವವರೆಗೂ ಮುಖ ತಿರುಗಿಸದೆ ಆ ಗಾಯವನ್ನೇ ನೋಡುತ್ತಿದ್ದಳು.