ಸ್ಟೆಪ್ನಿಯ ಮಗ

ಸೇತ ಎಂದು ಅವನಿಗೆ ಹೆಸರಿಟ್ಟವಳು ತಾಯಿ. ಸ್ಟೆಪ್ನಿ, ಅಂದರೆ ಗಾಡಿಯ ಬದಲಿ ಚಕ್ರ, ಎಂದು ಕರೆದವನು ಸೋದರಮಾವ. ಎರಡೂ ಹೆಚ್ಚುಕಡಿಮೆ ಒಂದೇ. ಬೈಬಲ್ಲಿನಲ್ಲಿ ಲೋಕದ ಮೊದಲ ತಾಯಿ ಒಬ್ಬ ಮಗನನ್ನು ಕಳೆದುಕೊಂಡ ಮೇಲೆ ಹುಟ್ಟಿದವನಿಗೆ ಇಟ್ಟ ಹೀಬ್ರೂ ಹೆಸರು ಸೇತ: ಹೋದವನ ಬದಲಿಗೆ ದಕ್ಕಿದವನು. ಮುಂದೆ ಅವನು ಪಂಕ್ಚರ್ ಅಂಗಡಿಯನ್ನೇ ತೆರೆದಾಗ ಮಾವ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದ.

ಅವನಿಗಿಂತ ಮುಂಚೆ ಹುಟ್ಟಿದ ಅಣ್ಣ ಬದುಕಿದ್ದು ಎರಡೇ ತಿಂಗಳು. ಆದರೇನು, ಸತ್ತ ಎಮ್ಮೆಗೆ ಹತ್ತು ಸೇರು ಹಾಲು. ಇವನು ಗಣಿತದಲ್ಲಿ ಫೇಲಾದರೆ ತಾಯಿ, "ಅವನಿದ್ದಿದ್ರೆ ಫಸ್ಟ್ ಬರ್ತಿದ್ದ" ಎನ್ನುತ್ತಿದ್ದಳು. ಹಲ್ಲೂ ಮೂಡದ ಕೂಸು ಗಣಿತದಲ್ಲಿ ಫಸ್ಟಂತೆ! ಮೂವತ್ತೆಂಟು ವರ್ಷ ಆ ಸಿಟ್ಟನ್ನು ನುಂಗಿಕೊಂಡೇ ಬಂದಿದ್ದ.

ಈಗ ಆಸ್ಪತ್ರೆಯ ಕೌಂಟರಿನಲ್ಲಿ ನಿಂತು ಮಗನ ಜನನದ ಫಾರಂ ತುಂಬುತ್ತಿದ್ದ. ಉಗುರಿನಲ್ಲಿ ಟ್ಯೂಬಿಗೆ ಹಚ್ಚುವ ಅಂಟು ಇನ್ನೂ ಕಪ್ಪಗೆ ಕೂತಿತ್ತು. ಹೆಂಡತಿ ನಾಲ್ಕು ದಿನದ ಕೂಸನ್ನು ಎದೆಗವಚಿಕೊಂಡು ಹಿಂದಿನ ಬೆಂಚಿನಲ್ಲಿದ್ದಳು. ಎರಡು ವರ್ಷದ ಹಿಂದೆ ಇಲ್ಲೇ ಹುಟ್ಟಿದ ಹೆಣ್ಣುಕೂಸು, ಹೆಸರಿಡುವ ಮೊದಲೇ, ಮೂರನೆಯ ದಿನ ಕಣ್ಣುಮುಚ್ಚಿತ್ತು. ಅದರ ಸುದ್ದಿಯನ್ನು ಮನೆಯಲ್ಲಿ ಯಾರೂ ಎತ್ತಕೂಡದೆಂದು ಅಂದೇ ಅವನು ಕಟ್ಟಪ್ಪಣೆ ಮಾಡಿದ್ದ.

ತಾಯಿ ಪಕ್ಕಕ್ಕೆ ಬಂದು ನಿಂತಳು. "ಸೇತ ಅಂತಲೇ ಬರಿ. ಹೋದದ್ದರ ಬದ್ಲಿಗೆ ಬಂದವನು. ನಿನ್ನ ಹೆಸರೇ ಅವನಿಗೂ ಇರ್ಲಿ."

ಅವನ ಪಿತ್ತ ನೆತ್ತಿಗೇರಿತು. "ಬಾಯ್ಮುಚ್ಚಮ್ಮ! ನಿನ್ನ ಸಂಕಟಾನ ನನ್ನ ಹಣೆ ಮೇಲೆ ಬರೆದದ್ದು ಸಾಲ್ದಾ? ಒಂದೇ ಒಂದು ದಿನ ನನ್ನನ್ನ ನಾನು ಅಂತ ನೋಡಿದ್ದೀಯಾ? ಇವನು ಯಾರ ಬದ್ಲಿಗೂ ಬಂದಿಲ್ಲ. ಯಾರ ಸ್ಟೆಪ್ನೀನೂ ಅಲ್ಲ!"

ಸಾಲಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. ನೋಡಲಿ, ಅವನಿಗೇನು!

ತಾಯಿ ಅಳಲಿಲ್ಲ, ಬೈಯಲೂ ಇಲ್ಲ. ಫಾರಂ ಮೇಲೆ ಬೆರಳಿಟ್ಟಳು. 'ಎಷ್ಟನೆಯ ಮಗು' ಎಂಬಲ್ಲಿ ಅವನು 'ಮೊದಲನೆಯದು' ಎಂದು ಬರೆದಿದ್ದ.

"ಹಾಗಾದ್ರೆ ಅವಳು?" ಎಂದಳು. "ಹೋದವನು ಮನೇಲಿ ಉಳೀಲಿ ಅಂತ ನಿನಗೆ ಆ ಹೆಸರಿಟ್ಟೆ. ತಪ್ಪು ಅನ್ನು, ಒಪ್ಕೋತೀನಿ. ನೀನು ಅವಳನ್ನ ಅಳಿಸೇಬಿಟ್ಯಲ್ಲೋ."

"ಏನಂತ ಬರೆದ್ರಿ?" ಬೆಂಚಿನಿಂದ ಹೆಂಡತಿ ಕೇಳಿದಳು.

ಅವನಿಗೆ ತಾಯಿಯ ಮೇಲಿನ ಸಿಟ್ಟು ಎಳ್ಳಷ್ಟೂ ಇಳಿದಿರಲಿಲ್ಲ; ಈಗ ಅದಕ್ಕೆ ತನ್ನ ಮೇಲಿನ ಸಿಟ್ಟೂ ಸೇರಿಕೊಂಡಿತು. ಫಾರಂ ಹರಿದು ಎರಡು ಮಾಡಿದ. ಗುಮಾಸ್ತ ಗೊಣಗುತ್ತ ಇನ್ನೊಂದು ಕೊಟ್ಟ. 'ಎರಡನೆಯದು' ಎಂದು ಹಾಳೆ ತೂತಾಗುವಷ್ಟು ಒತ್ತಿ ಬರೆದು, ಹೆಸರಿನ ಜಾಗ ಖಾಲಿ ಬಿಟ್ಟು, ಪೆನ್ನನ್ನೂ ಫಾರಮನ್ನೂ ಹೆಂಡತಿಯ ಮುಂದೆ ಹಿಡಿದ.

"ನೀನೇ ಇಡು."

ಅವಳು ಓದಿದಳು. ಪೆನ್ನು ಮುಟ್ಟಲಿಲ್ಲ.

"ಇವನದು ನಾಳೆ ನೋಡೋಣ," ಎಂದಳು. "ಮೊದ್ಲು ಅವಳಿಗೊಂದು ಹೆಸರಿಡಿ."