ರೋಡಿನಡಿ ಪೋಣಿಸಿದ ಪೈಪು

ಬೆಟ್ಟದ ಮಾದಪ್ಪನಾಣೆ, ಇದ್ರಲ್ಲಿ ಒಂದಕ್ಸರ ಸುಳ್ಳಿದ್ರೂ ಈ ಟೀ ನನ್ ಗಂಟ್ಲೊಳ್ಗೇ ಅಚ್ಚುಬೆಲ್ಲ ಆಗಿ ಕುಂತ್ಕಬೇಕು. ನಗಬ್ಯಾಡ ಶಂಕ್ರ. ನಗಾಡ್ಕಂಡು ಕೇಳಾ ಕತೆ ಅಲ್ಲ ಇದು. ಪೈಪಿನ ಕತೆ.

ಹಂಗಳದ ರಾಜಣ್ಣ ಗೊತ್ತಲ್ಲ ನಿಂಗೆ, ಡೈರೀಲಿ ಹಾಲು ಅಳಿಯೋನು? ಯಾರ ಹಾಲಿಗೆ ಎಷ್ಟು ನೀರು ಬಿದ್ದದ ಅಂತ ಮೂಸ್ನೋಡೇ ಹೇಳ್ಬುಡೋನು. ಅಂಥೋನ ಮನೆ ನಲ್ಲೀಲಿ ತೊಟ್ಟು ನೀರಿಲ್ಲ. ತಿರುಗ್ಸುದ್ರೆ ಸುಯ್ಯ್ ಅಂತ ಬರೀ ಗಾಳಿ. ಆಮೇಕೆ ಗಾಳೀನೂ ನಿಂತೋಯ್ತು. ಒಂದಿನ ಆ ನಲ್ಲಿ ಬಾಯೊಳ್ಗಿಂದ ಒಂದು ಕಪ್ಪೆ ಇಣುಕ್ತು. ಇಣುಕಿ, ರಾಜಣ್ಣನ ಮಕ ನೋಡಿ, ಓ ಇಲ್ಲೂ ಇಲ್ವಾ ಅನ್ಕಂಡು ವಾಪಸ್ ಒಳಕ್ಕೇ ಹೋಯ್ತು.

ಊರಿಗೆ ನೀರು ಬರ್ತಿತ್ತು, ಇಲ್ಲ ಅನ್ನಂಗಿಲ್ಲ. ಬೀದಿ ಆಚೆ ಬದೀಲಿ ದೊಡ್ಡ ಲೈನು ತುಂಬಿ ಹರೀತಿತ್ತು. ಆ ಲೈನಿಂದ ರಾಜಣ್ಣನ ಮನೆಗಂಟ ನೆಲದೊಳ್ಗೇ ಬರೋ ಕಬ್ಬಿಣದ ಪೈಪು ಅವರ ತಾತ ಹಾಕ್ಸಿದ್ದು. ಅದೇ ಕಟ್ಕಂಡಿತ್ತು. ಅಗ್ದು ತಗ್ಯಾನ ಅಂದ್ರೆ ಅದರ ಮ್ಯಾಲೆ ಆಗತಾನೇ ಹೊಸ ಸಿಮೆಂಟು ರೋಡು ಹಾಕವ್ರೆ. ಪಂಚಾಯ್ತಿ ಮೆಂಬರ್ ಚಿಕ್ಕಬಸವಯ್ಯ ದಿನಾ ಬೆಳಿಗ್ಗೆ ಎದ್ದು ಆ ರೋಡಲ್ಲಿ ಬರಿಗಾಲಲ್ಲಿ ಓಡಾಡೋನು, ಗುಡಿಯೊಳ್ಗೆ ನಡ್ದಂಗೆ. "ಇದಕ್ಕೆ ಯಾರಾರ ಹಾರೆ ಮುಟ್ಸುದ್ರೆ ನಾನೇ ಆ ಗುಂಡಿಯೊಳ್ಗೆ ಮನೀಕತೀನಿ. ಮ್ಯಾಲೆ ಮಣ್ಣೆಳ್ದುಬುಡಿ" ಅಂದಿದ್ದ.

ರಾಜಣ್ಣನ ಅವ್ವ ರಾಚಮ್ಮ ಬೀದಿ ನಲ್ಲೀಲಿ ಹಿಡ್ಕಬತ್ತಿದ್ಲು, ಹೆಂಗೋ ನಡೀತಿತ್ತು. ಅಷ್ಟರಲ್ಲಿ ರಾಜಣ್ಣನಿಗೆ ಹೆಣ್ಣು ಸಿಕ್ತು.

ಚಂದಕವಾಡಿ ಹೆಣ್ಣು, ನೀಲಾವತಿ ಅಂತ. ಅಂಗನವಾಡೀಲಿ ಕೆಲ್ಸ. ರಾಜಣ್ಣನ ಕೂದ್ಲು ಹಣೆ ಬುಟ್ಟು ಹಿಂದಕ್ಕೆ ಹೊಂಟಿದ್ದ ಕಾಲ ಅದು. ಅದನ್ನ ಕಣ್ಣಾರೆ ನೋಡೂ ಒಪ್ದೋಳು ಅವಳೊಬ್ಳೇ. ಹೆಣ್ಣು ನೋಡ್ಕಬಂದ ದಿನದಿಂದ ಫೋನಲ್ಲಿ ಮಾತೋ ಮಾತು. ರಾಜಣ್ಣ ಡೈರೀಲಿ ಹಾಲು ಅಳೀತಾ ತನ್ನಷ್ಟಕ್ಕೆ ತಾನೇ ಕಿಸಿಕಿಸಿ ನಗೋನು. ಜನ ತಮ್ಮ ಹಾಲು ನೋಡೇ ನಗ್ತಾವ್ನೆ ಅನ್ಕಂಡು ನೀರು ಹಾಕೋದನ್ನೇ ಬುಟ್ಟುಬುಟ್ರು. ಹಂಗಳದ ಹಾಲು ಇವತ್ತಿಗೂ ಗಟ್ಟಿ ಅಂದ್ರೆ ಕಾರಣ ನೀಲಾವತಿ.

ಒಂದಿನ ಬೆಳಿಗ್ಗೆ ಅವಳು ಫೋನಲ್ಲಿ ಅಂದ್ಲು, "ನೋಡಿ, ನಂಗೆ ಒಡವೆ ಬ್ಯಾಡ, ಕಾರು ಬ್ಯಾಡ. ನಿಮ್ ಮನೆ ಒಳ್ಗೆ ನಲ್ಲೀಲಿ ನೀರು ಬತ್ತದಾ? ಹೊತ್ತು ಹೊತ್ತು ನನ್ನ ಸೊಂಟದ ಮ್ಯಾಲೆ ಬಿಂದಿಗೆ ಅಚ್ಚು ಬಿದ್ದದ."

"ಬತ್ತದ" ಅಂದ್ಬುಟ್ಟ ರಾಜಣ್ಣ.

"ಎಂಗ್ ಬತ್ತದ?"

"ಬೊರ್ರೋ ಅಂತ ಬತ್ತದ."

"ಸದ್ಯ. ನಾಳೆ ಬೆಳಿಗ್ಗೆ ನಮ್ಮಜ್ಜಿ ಮನೆ ನೋಡಕ್ಕೆ ಬತ್ತಾಳೆ. ಅವಳು ಹೂಂ ಅನ್ನೋಗಂಟ ನಮ್ಮಪ್ಪ ಬಾಯಿ ತಗ್ಯಕಿಲ್ಲ."

ಈ ಅಜ್ಜಿ ದೊಡ್ಡಮಲ್ಲಮ್ಮ ಎಂಥೋಳು ಅಂತೀಯ! ಗಂಡಿನ ಮನೆಗೆ ಹೋದ್ರೆ ಮಿಕ್ಕೋರೆಲ್ಲ ಜಮೀನು, ದನ, ತಾರಸಿ ನೋಡ್ತಾರೆ. ಇವಳು ಸೀದಾ ಬಚ್ಚಲಿಗೆ ನುಗ್ಗಿ ನಲ್ಲಿ ತಿರುಗ್ಸೋಳು. ಪುಣಜನೂರಲ್ಲಿ ಒಂದು ಮನೆ ನಲ್ಲಿ ತಿರುಗ್ಸಿದ ರಭಸಕ್ಕೆ ಕೈಗೇ ಬಂದ್ಬುಡ್ತು. ವಾಪಸ್ ಕೊಡ್ನಿಲ್ಲ. ಸೆರಗಲ್ಲಿ ಕಟ್ಕಂಡು ಬಂದು ಚಂದಕವಾಡೀಲಿ ಎಲ್ರಿಗೂ ತೋರ್ಸಿದ್ಲು.

ಇನ್ನೊಂದದ. ಸಂಬಂಧ ಒಪ್ಪೋಗಂಟ ಗಂಡಿನ ಮನೇಲಿ ನೀರು ಕುಡಿಯಂಗಿಲ್ಲ, ಕುಡುದ್ರೆ ಒಪ್ದಂಗೇ ಲೆಕ್ಕ. ಅದು ನಮ್ಮ ಕಡೆ ಎಲ್ರಲ್ಲೂ ಅದ. ಈಗಿನೋರು ಟೀ ಕುಡ್ಕಂಡು ಅದು ನೀರಲ್ಲ ಅಂತ ವಾದ ಮಾಡ್ತಾರೆ. ದೊಡ್ಡಮಲ್ಲಮ್ಮ ಅಂಗಲ್ಲ. ಊರು ಬುಟ್ರೆ ತಿರುಗಿ ಹೋಗೋಗಂಟ ಎಂಜಲೂ ನುಂಗ್ದೋಳಲ್ಲ.

ರಾಜಣ್ಣ ಡೈರಿ ಬೀಗ ಹಾಕೋದೂ ಮರ್ತು ಪ್ಲಂಬರ್ ಮಂಟೇಸ್ವಾಮಿ ಮನೆಗೆ ಓಡ್ದ. ಮಂಟೇಸ್ವಾಮಿ ಬಂದು ಪೈಪಿನ ಬಾಯಿಗೆ ಕಿವಿ ಕೊಟ್ಟು, ನಾಡಿ ನೋಡೋ ಪಂಡಿತನಂಗೆ ಕಣ್ಮುಚ್ಕಂಡು, "ತೀರೋಗದ ಕಣ್ಲಾ" ಅಂದ.

"ಏನಾರ ಮಾಡು ಮಂಟೇಸ. ನಾಳೆ ನೀರು ಬರ್ನಿಲ್ಲ ಅಂದ್ರೆ ನೀಲ ಹೋದ್ಲು!"

"ರೋಡು ಒಡೀದೆ ಪೈಪು ಬದ್ಲಾಯ್ಸಕ್ಕೆ ನಾನೇನು ಇಲಿ ಏನ್ಲಾ?"

ರಾಚಮ್ಮ ಜಗುಲೀಲಿ ಕುಂತ್ಕಂಡು ಲಂಗಕ್ಕೆ ಲಾಡಿ ಪೋಣಿಸ್ತಿದ್ಲು. ತಲೆ ಎತ್ತುದೆ ಅಂದ್ಲು, "ಹಳೇ ಲಾಡಿ ತುದೀಗೆ ಹೊಸದನ್ನ ಕಟ್ಟಿ ಎಳುದ್ರೆ, ಅದು ಆಚೆಗೆ ಬತ್ತದ, ಇದು ಒಳಕ್ಕೆ ಹೋಯ್ತದ. ಯಾರಾರ ಲಂಗ ಹರೀತಾರಾ ಅದಕ್ಕೆ?"

ಮಂಟೇಸ್ವಾಮಿ ಲಂಗ ನೋಡ್ದ. ರೋಡು ನೋಡ್ದ. ಬೀಡಿ ಹಚ್ಚಿ, "ನಂಗೆ ಇವಾಗೊಂದು ಐಡಿಯಾ ಬಂತು" ಅಂದ.

ರಾಜಣ್ಣ ಬೈಕ್ ಹತ್ತಿ ಚಾಮರಾಜನಗರಕ್ಕೆ ಬುಟ್ಟ, ಕಪ್ಪು ಪ್ಲಾಸ್ಟಿಕ್ ಪೈಪು ತರಕ್ಕೆ. ಯಾಕ, ಗುಂಡ್ಲುಪೇಟೇಲಿ ಸಿಕ್ಕಕಿಲ್ವಾ ಅಂತ ಕೇಳ್ಬ್ಯಾಡ, ಖುಸಿ ಗಾಬ್ರಿ ಎರಡೂ ಸೇರುದ್ರೆ ಮನ್ಸ ದೂರಕ್ಕೇ ಹೋಗೋದು. ವಾಪಸ್ ಬರೋವಾಗ ಸುರುಳೀನ ಎಲ್ಲೂ ಕಟ್ಟಕ್ಕಾಗ್ದೆ ಕುತ್ತಿಗೆಗೆ ಹಾಕ್ಕಂಡು ಬಂದ. ತೆರಕಣಾಂಬೀಲಿ ಜನ ಹಾರ ಅನ್ಕಂಡು, "ಮದ್ವೆ ಆಯ್ತೇನ್ಲಾ ರಾಜ?" ಅಂತ ಕೂಗುದ್ರು. "ನಾಳೆ ಗೊತ್ತಾಯ್ತದ!" ಅಂತ ಕೂಗ್ಕಂಡೇ ಬಂದ.

ಬರೋ ಹೊತ್ಗೆ ರೋಡಿನ ಎರಡು ಬದೀಲೂ ಒಂದೊಂದು ಗುಂಡಿ ತೋಡಿದ್ರು. ಈ ಕಡೆ ಮನೆ ಅಂಗಳದಲ್ಲಿ ಹಳೇ ಪೈಪಿನ ಬಾಲಕ್ಕೆ ಹೊಸ ಪೈಪು ಕಟ್ಟುದ್ರು. ಆ ಕಡೆ ದೊಡ್ಡ ಲೈನಿಂದ ಹಳೇ ಪೈಪಿನ ತಲೆ ಬಿಚ್ಚಿ, ಅದಕ್ಕೆ ಮಿಣಿ ಹಗ್ಗ ಬಿಗ್ದು, ಅದರಾಚೆ ಖಾಲಿ ಕಣದಲ್ಲಿ ನಿಂತಿದ್ದ ಟ್ರ್ಯಾಕ್ಟ್ರಿಗೆ ಕಟ್ಟುದ್ರು. ಬೀದಿಗೆ ಬೀದೀನೇ ಸೇರಿತ್ತು. ಚಿಕ್ಕಬಸವಯ್ಯ ರೋಡಿನ ಮ್ಯಾಲೆ ಮಂಡಿಯೂರಿ, ಎಲ್ಲಾದ್ರೂ ಬಿರುಕು ಬಿಡ್ತದಾ ಅಂತ ಮಕ ಒಡ್ಡಿ ನೋಡ್ತಿದ್ದ.

"ಎಳೀಲಾ!" ಅಂದ ಮಂಟೇಸ್ವಾಮಿ.

ಟ್ರ್ಯಾಕ್ಟ್ರು ಎಳೀತು. ಬರ್ನಿಲ್ಲ. ಇನ್ನೂ ಎಳೀತು. ಮುಂದಿನ ಚಕ್ರ ಎರಡೂ ಮ್ಯಾಲೆದ್ದು, ಟ್ರ್ಯಾಕ್ಟ್ರು ಕುದುರೆಯಂಗೆ ನಿಂತ್ಕತು. ಅಷ್ಟರಲ್ಲಿ ಮನೆಯೊಳ್ಗಿಂದ ರಾಚಮ್ಮ ಕೂಗುದ್ಲು, "ಅಯ್ಯೋ ನಿಲ್ಸುರಲಾ! ಮನೆ ಹೊಂಟದ!"

ನಿಜಾನೇ. ಮನೆ ಹೊಂಟಿತ್ತು. ಅಂಗಳದಿಂದ ಗೋಡೆಯೊಳ್ಗೆ ಹೋಗೋ ಪೈಪು ಬಿಚ್ಚೋದ್ನೇ ಮಂಟೇಸ್ವಾಮಿ ಮರ್ತಿದ್ದ. ಬಚ್ಚಲು ನಲ್ಲಿ, ನಲ್ಲಿ ಹಿಂದೆ ಗೋಡೆ, ಗೋಡೆ ಹಿಂದೆ ಮನೆ, ಎಲ್ಲಾ ಒಟ್ಗೇ ರೋಡಿನ ಕಡೆ ಜರುಗ್ತಿತ್ತು. ನಂಬಲ್ವಾ? ಹಂಗಳಕ್ಕೆ ಹೋಗಿ ನೋಡು. ಸಾಲಲ್ಲಿ ಆ ಮನೆ ಒಂದೇ ಒಂದು ಮೊಳ ಮುಂದಕ್ಕದ. ಪಕ್ಕದ ಮನೆ ಮರಿತಾಯಮ್ಮ ಇವತ್ತಿಗೂ, "ಒತ್ತುವರಿ ಮಾಡವ್ರೆ" ಅಂತ ಜಗ್ಳ ಆಡ್ತಾಳೆ.

"ಬಿಚ್ಲಿಲ್ವೇನ್ಲಾ ನೀನು?" ಅಂತ ರಾಜಣ್ಣ ತಲೆ ಚಚ್ಕಂಡ.

"ಮನೆ ಗಟ್ಟಿ ಅದಾ ಅಂತ ಟೆಸ್ಟ್ ಮಾಡ್ದೆ" ಅಂದ ಮಂಟೇಸ್ವಾಮಿ. ರೆಂಚು ತಕ್ಕಂಡು ಹೋಗಿ ಒಂದು ಸುತ್ತು ತಿರುಗ್ಸಿದ್ದೇ ತಡ, ಪೈಪು ಬುಟ್ಕಂತು ನೋಡು! ಸರ್‍ರ್ ಅಂತ ಹಳೇ ಪೈಪು ಆ ಕಡೆ ಹಾವಿನಂಗೆ ಆಚೆಗ್ ಬಂತು, ಹೊಸಾದು ಈ ಕಡೆಯಿಂದ ನಾಗರದಂಗೆ ಒಳಕ್ಕೆ ನುಗ್ತು. ಹಿಡಿತ ಬುಟ್ಟ ಟ್ರ್ಯಾಕ್ಟ್ರು ನಿಲ್ತದಾ? ನಡುವೆ ಕಟ್ಟಿದ್ದ ಗಂಟು ಹೊಸ ಪೈಪಿನ ತಲೆ ಗುಂಡೀಗೆ ಮುಟ್ದೇಟ್ಗೇ ಕಳಚ್ಕಂತು, ಹಳೇ ಪೈಪು ಎಳ್ಕಂಡು ಟ್ರ್ಯಾಕ್ಟ್ರು ಕಣ ದಾಟ್ತು, ಊರು ದಾಟ್ತು, ಬಂಡೀಪುರದ ಚೆಕ್‌ಪೋಸ್ಟಲ್ಲೇ ನಿಂತದ್ದು. ಗಾರ್ಡು ಬಂದು, "ಪೈಪಿಗೆ ಪರ್ಮಿಟ್ ಅದಾ?" ಅಂತ ಕೇಳ್ದ.

ಹಳೇ ಪೈಪು ಸೀಳಿ ನೋಡುದ್ರೆ ಒಳ್ಗೆ ಜಡೆ ಹೆಣ್ದಂಗೆ ಬೇರು. ಮರಿತಾಯಮ್ಮನ ನುಗ್ಗೆಮರದ್ದು. ವರ್ಸಗಟ್ಲೆ ರಾಜಣ್ಣನ ಮನೆ ನೀರ್ನೆಲ್ಲ ಅದೇ ಕುಡ್ದದ. ಅದಕ್ಕೇ ಅವಳ ನುಗ್ಗೇಕಾಯಿ ಮುರುದ್ರೆ ಲೋಟ ಹಿಡೀಬೇಕಾಗಿತ್ತು.

ಸಂಜೆಗೆ ದೊಡ್ಡ ಲೈನಿನ ಕಡೆ ಜೋಡಣೆ ಮುಗೀತು. ಮನೆ ಕಡೆ ಬಾಕಿ. ಕತ್ಲಾಯ್ತು ಅಂತ ಮಂಟೇಸ್ವಾಮಿ, ಅಂಗಳದಲ್ಲಿ ಎದ್ದು ನಿಂತಿದ್ದ ಪೈಪಿನ ಬಾಯಿಗೆ ಒಂದು ಜೋಳದ ಬೆಂಡು ತುರ್ಕಿ, "ಬೆಳಿಗ್ಗೆ ಬಂದು ನಲ್ಲಿ ಕೂರುಸ್ತೀನಿ" ಅಂದ. ರಾಜಣ್ಣ ಊರಿಗೆಲ್ಲ ನೀರು ಬಿಡೋ ನೀರುಗಂಟಿ ಹುಚ್ಚಯ್ಯನ ಮನೆಗೆ ಹೋಗಿ, "ಹುಚ್ಚಯ್ಯಣ್ಣ, ನಾಳೆ ಒಂದಿನ ನಮ್ಮ ಬೀದಿಗೆ ವಸಿ ಜಾಸ್ತಿ ಬುಡಣ್ಣ. ನನ್ನ ಮದ್ವೆ ನಿನ್ನ ಕೈಲದ" ಅಂತ ಕೈ ಹಿಡ್ಕಂಡ. ಹುಚ್ಚಯ್ಯನ ಕಣ್ಣಲ್ಲಿ ನೀರು ಬಂತು. ಅವನಿಗೂ ಮದ್ವೆ ಆಗಿರ್ನಿಲ್ಲ.

ಬೆಳಿಗ್ಗೆ ಮಂಟೇಸ್ವಾಮಿಗಿಂತ ಮೊದ್ಲು ದೊಡ್ಡಮಲ್ಲಮ್ಮ ಬಂದ್ಲು.

ಆಟೋದಿಂದ ಇಳುದ್ಲು. ಹಿಂದೆ ಮಗ, ಅದೇ ನೀಲಾವತಿ ಅಪ್ಪ, ಎಲೆಅಡಿಕೆ ಚೀಲ ಹಿಡ್ಕಂಡು ಇಳ್ದ. ರಾಚಮ್ಮ ಚೆಂಬಲ್ಲಿ ನೀರು ತಂದು, "ಬನ್ನಿ ದೊಡ್ಡವ್ವ, ಬಾಯಾರಿ ಬಂದಿರ" ಅಂದ್ಲು.

"ಅದನ್ನ ಅಲ್ಲೇ ಇಡವ್ವ. ಒಪ್ಪೋಗಂಟ ನಂಗೆ ದಾಹ ಆಗಕಿಲ್ಲ" ಅಂದ್ಲು ದೊಡ್ಡಮಲ್ಲಮ್ಮ. "ನಲ್ಲಿ ಎಲ್ಲಿ?"

ರಾಜಣ್ಣನ ಎದೆ ಟ್ರ್ಯಾಕ್ಟ್ರಂಗೆ ಮುಂಗಾಲೆತ್ತಿ ನಿಂತ್ಕತು. ಅಂಗಳದ ಪೈಪು ತೋರ್ಸ್ದ.

"ಇದು ನಲ್ಲಿ ಏನ್ಲಾ? ತಿರುಗ್ಸಾದೇ ಇಲ್ಲ. ಬಾಯಲ್ಲಿ ಬೆಂಡು ಕಚ್ಕಂಡು ನಿಂತದ!"

"ಹೊಸಾ ಮಾಡಲ್ಲು ಅಜ್ಜಿ" ಅಂದ ರಾಜಣ್ಣ.

"ಬೊರ್ರೋ ಅಂತ ಬತ್ತದ ಅಂದ್ಯಂತೆ?"

"ಬತ್ತದ ಅಜ್ಜಿ. ಇನ್ನೇನು ಬತ್ತದ."

"ಇನ್ನೇನು ಅಂತ ಕೇಳ್ಕಂಡೇ ನನ್ನ ಸೊಂಟ ಬಗ್ಗಿದ್ದು" ಅಂದ್ಲು ಅಜ್ಜಿ. ಬಗ್ಗುದ್ಲು. ಬೆಂಡು ಕಿತ್ತುದ್ಲು. ಒಂದು ಕಣ್ಣು ಮುಚ್ಚಿ ಪೈಪೊಳಕ್ಕೆ ಇಣುಕುದ್ಲು. ಕತ್ಲು. ರಾಜಣ್ಣ ಮಾದಪ್ಪನ್ನ ಕೂಗ್ದ, ನೀಲಾವತೀನ ಕೂಗ್ದ, ಹುಚ್ಚಯ್ಯನ್ನೂ ಕೂಗ್ದ, ಎಲ್ಲಾ ಮನಸಲ್ಲೇ. ಅಜ್ಜಿ ಮಕ ಇನ್ನೂ ಹತ್ರ ತಂದು, ಬಾಯಿ ಅಗಲುಸಿ, "ಎಲ್ಲಪ್ಪಾ ನೀ—" ಅಂದ್ಲು.

ಆ ಗಳಿಗೇಲಿ, ಊರ ಮಿಕ್ಕ ಬೀದಿಗೆಲ್ಲ ವಾಲ್ವು ಮುಚ್ಚಿ, ಹುಚ್ಚಯ್ಯ ಇಡೀ ಟ್ಯಾಂಕ್ ನೀರ್ನ ಆ ಒಂದು ಬೀದಿಗೆ ಬುಟ್ಟ.

ಬೊರ್ರೋ!

ಅಜ್ಜಿ ಬಾಯಿಗೇ ಹೊಡೀತು. ಪಕ್ಕದ ಮರದ ಬೊಡ್ಡೆ ಮ್ಯಾಲೆ ಕುಂತಿದ್ದ ಕೋಳಿ ಆ ರಭಸಕ್ಕೆ ತಾರಸಿ ಮ್ಯಾಲಿತ್ತು. ಎಲೆಅಡಿಕೆ ಜಗ್ದು ಜಗ್ದು ಮದ್ವೆ ಕಾಲದಿಂದ ಕೆಂಪಾಗಿದ್ದ ಅಜ್ಜಿ ಹಲ್ಲು ಬೆಳ್ಳಗೆ ಆಗೋದ್ವು, ಮುತ್ತಿನಂಗೆ. ಕಣ್ಣು ಬಾಯಿ ಮೂಗು ಎಲ್ಲಾ ನೀರು. ಆ ಸದ್ದಿನೊಳ್ಗೂ ಎಲ್ರಿಗೂ ಕೇಳುಸ್ತು.

ಗುಳುಕ್.

ನೀಲಾವತಿ ಅಪ್ಪ ಚೀಲ ಬೀಳ್ಸ್ಬುಟ್ಟ. "ಅವ್ವ! ನುಂಗ್‌ಬುಟ್ಯಾ?"

"ನಾ ನುಂಗ್ನಿಲ್ಲ ಕಣ. ಅದೇ ಹೋಯ್ತು!"

"ಒಳಕ್ಕೆ ಹೋಯ್ತಲ್ಲ ದೊಡ್ಡವ್ವ!" ಅಂತ ರಾಚಮ್ಮ ಕೈ ತಟ್ಕಂಡು ಕುಣ್ದಾಡುದ್ಲು. "ಗಂಡಿನ ಮನೆ ನೀರು ಒಳಕ್ಕೆ ಹೋಯ್ತಲ್ಲ!"

ಬೀದಿ ಜನ ಎಲ್ಲಾ ಬಂದು ಎರಡು ಪಕ್ಸ ಆಗೋದ್ರು. ಬಲವಂತದ ನೀರು ಲೆಕ್ಕಕ್ಕಿಲ್ಲ ಅಂತ ಒಂದು ಗುಂಪು. ಗುಳುಕ್ ಅಂದ್ಮ್ಯಾಲೆ ಮುಗೀತು ಅಂತ ಇನ್ನೊಂದು ಗುಂಪು. ಚಿಕ್ಕಬಸವಯ್ಯ ಮಾತ್ರ ನಡುವೆ ನಿಂತು, "ರೋಡು ಬಿರುಕು ಬಿಡ್ನಿಲ್ಲ, ರೋಡು ಬಿರುಕು ಬಿಡ್ನಿಲ್ಲ" ಅಂತ ಎಲ್ರ ಕೈ ಕುಲುಕ್ತಿದ್ದ. ರಾಜಣ್ಣ ಯಾರ ಕಡೇನೂ ನೋಡ್ನಿಲ್ಲ. ಅಜ್ಜಿ ಮಕಾನೇ ನೋಡ್ತಿದ್ದ.

ದೊಡ್ಡಮಲ್ಲಮ್ಮ ಸೆರಗಲ್ಲಿ ಮಕ ಒರುಸ್ಕಂಡ್ಲು. ಪೈಪು ನೋಡುದ್ಲು, ಇನ್ನೂ ತೆಂಗಿನಮರದುದ್ದ ಚಿಮ್ಮುತಿತ್ತು. ರಾಜಣ್ಣನ್ನ ನೋಡುದ್ಲು, ತಲೆಯಿಂದ ಕಾಲ್ಗಂಟ ತೊಯ್ದು, ಇದ್ದ ಕೂದ್ಲೂ ಹಣೆಗೆ ಮೆತ್ಕಂಡು ನಿಂತಿದ್ದ. ಜಗುಲಿ ಮ್ಯಾಲೆ ಹೋಗಿ ಕಾಲು ಮಡುಚ್ಕಂಡು ಕುಂತ್ಕಂಡ್ಲು.

"ಲೋಟದಲ್ಲಿ ಹಿಡ್ಕಬಾ ಮಗ" ಅಂದ್ಲು. "ಅವಾಗ ರುಚಿ ಗೊತ್ತಾಗ್ನಿಲ್ಲ."

ರಾಜಣ್ಣ ಲೋಟ ಹಿಡುದ್ರೆ ಲೋಟ ಹಾರೋಯ್ತು. ಚೆಂಬು ಹಿಡ್ದ, ಅದೂ ಹೋಯ್ತು. ಕೊನೆಗೆ ಬೊಗಸೇಲಿ ಹಿಡ್ಕಂಡು ಓಡೋಡಿ ಬಂದ. ಅಜ್ಜಿ ಅವನ ಬೊಗಸೆಗೇ ಬಾಯಿಟ್ಟು ಕುಡುದ್ಲು, ನಿಧಾನಕ್ಕೆ, ಎಲ್ರೂ ನೋಡಂಗೆ. ಜೇಬೊಳ್ಗೆ ಫೋನು ಹೊಡ್ಕತಿತ್ತು, ನೀಲಾವತೀದು. ರಾಜಣ್ಣನಿಗೆ ಕೈ ಖಾಲಿ ಇಲ್ಲ, ಬಾಯೇನೋ ಕಿವೀಗಂಟ ತೆರ್ದಿತ್ತು.

ಆಮೇಕೆ ಮದ್ವೆ ಆಯ್ತು, ಊಟ ಆಯ್ತು, ಅದು ಬುಡು. ಇವಾಗ ನೀಲಾವತಿ ನಲ್ಲಿ ತಿರುಗ್ಸುದ್ರೆ ಬಿಂದಿಗೆ ತಾನೇ ಬಂದು ಕೆಳ್ಗೆ ಕುಂತ್ಕತದ, ಅದೂ ದೊಡ್ಡ ಇಸ್ಯ ಅಲ್ಲ. ಇಸ್ಯ ಏನಪ್ಪ ಅಂದ್ರೆ, ಹೋದ ತಿಂಗ್ಳು ಬಂಡೀಪುರದ ಕಡೆಯಿಂದ ಒಂದು ಒಂಟಿಸಲಗ ಬಂದು, ಅವರ ಅಂಗಳದಲ್ಲಿ ನಿಂತ್ಕಂಡು, ಸೊಂಡ್ಲು ಸೀದಾ ಆ ಪೈಪಿನ ಬಾಯಿಗೆ ಇಟ್ಟು... ಏನ್ಲಾ ಅದು ಫೋನು? ನಲ್ಲೀಲಿ ನೀರು ಬಂತಂತಾ? ಬರ್ಲಿ ಕಣ್ಲಾ, ನಿನ್ನ ಹೆಂಡ್ರು ಹಿಡ್ಕತಾರೆ, ಕುಂತ್ಕ! ಆ ಸಲಗ ಸೊಂಡ್ಲು ಇಟ್ಟ ಗಳಿಗೇಗೆ ಸರಿಯಾಗಿ ಹುಚ್ಚಯ್ಯ ಹೋಗಿ ವಾಲ್ವು... ಲೇ ಶಂಕ್ರ! ಎಲ್ಗಲಾ ಓಡ್ತಿಯ, ಆ ಆನೆ ಮ್ಯಾಲಕ್ಕೆ ಎದ್ದು...