ಹಗಲಿನ ಪರದೆ

ಟಕ್ ಎಂದಿತು. ಅಷ್ಟೇ. ಅಪ್ಪನ ಹೆಣದ ಪಕ್ಕ ತೂಕಡಿಸುತ್ತಿದ್ದ ಮಗಳು ಬೆಚ್ಚಿಬಿದ್ದು ಕಿಟಕಿಯತ್ತ ಓಡಿದಳು. ಅಪ್ಪ ಕಾಯುತ್ತಿದ್ದ, ಅಂಗಳದಾಚೆಯ ದೀಪಸ್ತಂಭ ಆರಿತ್ತು. ಸಮುದ್ರ ಬರೀ ಸದ್ದಾಗಿತ್ತು.

"ಹೋದವರ ಹಿಂದೆ ಅದೂ ಹೊರಟಿತಲ್ಲ," ಎಂದರು ಅತ್ತೆ. ಮಗ ಕಡಲಪಾಲಾದ ಮೇಲೆ ಅವರು ಸೊಸೆಯ ಜೊತೆ ಇಲ್ಲೇ ಉಳಿದಿದ್ದರು.

ಬೆಳಿಗ್ಗೆ ಮೆಕ್ಯಾನಿಕ್ ಬರುವ ಹೊತ್ತಿಗೆ ಅಂಗಳ ತುಂಬಿತ್ತು. ದೊಡ್ಡ ಹಡಗುಗಳಿಗೆ ಈಗ ಈ ದೀಪ ಬೇಕಿಲ್ಲ. ಬಂದವರೆಲ್ಲ ಸಣ್ಣ ದೋಣಿಯವರು.

"ಮನೇಲಿ ಒಂದು ಬಲ್ಬು ಜಾಸ್ತಿ ಉರಿದ್ರೂ ಮುದುಕ ಕುಣಿದಾಡ್ತಿದ್ದ. ದೀಪಸ್ತಂಭಕ್ಕೆ ಮಾತ್ರ ಧಾರಾಳ."

"ಸುಮ್ನಿರಯ್ಯ, ಕೇಳಿಸ್ಕೊಂಡು ಎದ್ದು ಬಂದಾನು."

"ಬಂದ್ರೆ ಒಳ್ಳೇದೇ. ಈ ದೀಪಕ್ಕೆ ಇನ್ಯಾರು ದಿಕ್ಕು?"

ಮೆಕ್ಯಾನಿಕ್ ಮಗಳನ್ನು ದೀಪಸ್ತಂಭದ ಮೇಲಕ್ಕೆ ಕರೆದ.

"ಈ ಪರದೆ ಎಳೆದಿದ್ದು ಯಾರಕ್ಕಾ?"

"ನಾನೇ. ನಿನ್ನೆ."

ಬಿಸಿಲು ಮಸೂರಕ್ಕೆ ಬಿದ್ದರೆ ದೀಪ ಸುಟ್ಟುಹೋಗುತ್ತದೆಂದು ಅಪ್ಪ ಜೀವನವಿಡೀ ಬೆಳಗಾದರೆ ಪರದೆ ಎಳೆಯುತ್ತಿದ್ದ. ಎರಡು ವರ್ಷದಿಂದ ಬಿಟ್ಟಿದ್ದ. ಸತ್ತ ದಿನವಾದರೂ ಅವನ ಕೆಲಸ ತಪ್ಪದಿರಲಿ ಎಂದು ಅವಳು ಹತ್ತಿದ್ದಳು.

"ಅದೆಲ್ಲ ಹಳೇ ದೀಪಕ್ಕೆ. ಈಗ ಕತ್ತಲಾಯ್ತಾ ಅಂತ ನೋಡೋ ಸೆನ್ಸರ್ ಒಳಗಡೇನೇ ಇದೆ. ಪರದೆ ಎಳೆದ್ರೆ ಅದಕ್ಕೆ ಹಗಲೂ ರಾತ್ರಿನೇ. ಇಡೀ ದಿನ ಸುಮ್ಸುಮ್ನೆ ಉರಿದು, ರಾತ್ರಿ ಬ್ಯಾಟರಿ ಖಾಲಿ. ಅಪ್ಪಂಗೆ ಗೊತ್ತಿತ್ತಲ್ಲ? ಒಂದ್ಸಲ ಫೋನ್ ಮಾಡಿ ಕೇಳಿದ್ರು."

"ಯಾವಾಗ?"

"ಎರಡು ವರ್ಷ ಆಯ್ತೇನೋ. ಯಾಕಕ್ಕಾ?"

"ಏನಿಲ್ಲ."

ಅವನು ದೂರದ ಊರಿನವನು. ಅವಳ ಗಂಡನ ದೋಣಿಯ ಸುದ್ದಿ ಅವನಿಗೆ ತಿಳಿಯದು.

*

ಎರಡು ವರ್ಷದ ಹಿಂದೆ, ದೀಪಕ್ಕೆ ಹೊಸ ಯಂತ್ರ ಕೂರಿಸಿ ಒಂದೇ ದಿನವಾಗಿತ್ತು. ಅಂದೂ ಅಪ್ಪ ಬೆಳಗಾಗುತ್ತಲೇ ಪರದೆ ಎಳೆದಿದ್ದ. ಮಳೆಯ ರಾತ್ರಿ ದೀಪ ಆರಿತು. ಅಪ್ಪ ಲಾಟೀನು ಹಿಡಿದು ಬಂಡೆಯ ಮೇಲೆ ನಿಂತು, ಬೆಳಗಿನವರೆಗೆ ಅಳಿಯನನ್ನು ಕೂಗಿದ. ದೋಣಿಯ ಹಲಗೆಗಳು ಸಿಕ್ಕವು. ಅವಳ ಗಂಡ ಸಿಗಲಿಲ್ಲ.

ಸಿಡಿಲು ಬಡಿದಿರಬೇಕು ಎಂದರು ಎಲ್ಲರೂ. ಒಂದು ದಿನ ಅಪ್ಪ ಊಟದ ತಟ್ಟೆಯ ಮುಂದೆ, ಯಾರೂ ಕೇಳದಿದ್ದರೂ, "ಇನ್ಮೇಲೆ ಪರದೆ ಎಳೆಯೋಕಾಗಲ್ಲಮ್ಮ, ಮಂಡಿ ಕೇಳಲ್ಲ," ಎಂದ. ಸಂಜೆ ಮಾತ್ರ ಮೊದಲಿನಂತೆಯೇ ಅಷ್ಟೂ ಮೆಟ್ಟಿಲು ಹತ್ತಿ, ದೀಪ ಹೊತ್ತಿತೇ ಎಂದು ನೋಡಿ ಬರುತ್ತಿದ್ದ.

*

ಅವಳು ಇಳಿದು ಬಂದಾಗ ಹೊರುವವರು ಸಿದ್ಧರಾಗಿ ನಿಂತಿದ್ದರು.

"ಏನಂತೆ?" ಎಂದರು ಅತ್ತೆ.

"ಬ್ಯಾಟರಿ ಹಳೇದಾಗಿತ್ತಂತೆ."

"ಇರಲಿ ಬಿಡು. ನನ್ನ ಮಗನಿಗೋಸ್ಕರ ರಾತ್ರಿಯೆಲ್ಲಾ ಮಳೇಲಿ ನಿಂತ ಜೀವ ಇದು. ಹೆತ್ತವರೂ ಅಷ್ಟು ಮಾಡಲ್ಲ. ಇನ್ನು ನನಗೆ ನೀನು, ನಿನಗೆ ನಾನು."

ಯಾರಿಗೂ ಹೇಳಕೂಡದು, ಎಂದೂ ಹೇಳಕೂಡದು ಎಂದು ಮಗಳು ನಿಶ್ಚಯಿಸಿಕೊಂಡಳು.

ಅತ್ತೆ ಹೆಣದ ಕಿವಿಯ ಬಳಿ ಬಾಗಿದರು.

"ಬೀಗ್ರೇ, ಅಲ್ಲಿ ನನ್ನ ಮಗ ಸಿಕ್ತಾನೆ. ಕತ್ತಲೆ ಅಂದ್ರೆ ಹೆದರ್ತಾನೆ. ಜೊತೇಲೇ ಇಟ್ಕೊಳ್ಳಿ."